ಬರಿಗಾಲಲ್ಲಿ ಒಳಗೆ ಬರಬೇಡಿ

ಕೂಡ್ಲಿಗಿಯ ನಮ್ಮ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಯಾರೇ ಹೋದರೂ ಚಪ್ಪಲಿ ಹೊರಗೇ ಬಿಡಬೇಕಿತ್ತು. ಆಯುಧಪೂಜೆಗೆ ಕುಂಬಳಕಾಯಿ ಒಡೆಯುವ ಜಾಗವಲ್ಲವೇ! ಸರಸ್ವತಿ ಫೋಟೊ, ಅದರ ಕೆಳಗೆ ಸಲ್ಫ್ಯೂರಿಕ್ ಆಸಿಡ್, ಎದುರಿಗೆ ಅರವತ್ತು ಬರಿಗಾಲ ಮಕ್ಕಳು. ಕನ್ನಡ ಪಾಠ ಹೇಳುವ ನನಗಂತೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಕಂಡದ್ದು ಅಟೆಂಡರ್ ಮಾಳಮ್ಮನವರಿಗೆ. ಹದಿನೆಂಟು ವರ್ಷದಿಂದ ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಬಂದು ಬೀಕರು, ಪಿಪೆಟ್ಟು ತೊಳೆಯುತ್ತಿರುವವರು. ಎಡಪಾದದ ಮೇಲೆ ಆಸಿಡ್ ಬಿದ್ದ ಹಳೆಯ ಕಲೆ ಇದೆ. ಅವರ ತಂದೆ ಸೋಮಪ್ಪ ಒಂದು ಕಾಲಕ್ಕೆ ಊರಿನ ಮೇಲ್ಜಾತಿಯವರ ಓಣಿಯಲ್ಲಿ ಕಾಲಿನ ಕೆರ ಬಿಚ್ಚಿ ಕೈಯಲ್ಲಿ ಹಿಡಿದೇ ನಡೆಯಬೇಕಿತ್ತಂತೆ. ಇದನ್ನು ಒಮ್ಮೆ ಚಹಾ ಕುಡಿಯುವಾಗ ಹೇಳಿದ್ದರು, ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ಕೀರ್ತನಾ ಎಂಬ ಹುಡುಗಿಯ ಕೈಜಾರಿ ಆಸಿಡ್ ಬಾಟಲಿ ಒಡೆಯಿತು. ಅವಳ ಬರಿಗಾಲಿಗೂ ಆಸಿಡ್ಡಿಗೂ ಒಂದು ಗೇಣು ಅಂತರ. ಮಾಳಮ್ಮ ನೆಟ್ಟಗೆ ಪ್ರಿನ್ಸಿಪಾಲರ ಬಳಿ ಹೋದರು.

"ಒಂದು ತಾಸು ಕೊಡ್ರಿ ಸರ. ಹುಡುಗ್ರಿಗೆ ನಾನ ಹೇಳ್ತೀನಿ."

"ಹೇಳ್ರಿ. ಆದ್ರ ಅವ್ರು ಕೇಳಲಿಲ್ಲಂದ್ರ ಹಳೇ ಪದ್ಧತಿನ ಮುಂದುವರೀತೈತಿ," ಎಂದರು ಪ್ರಿನ್ಸಿಪಾಲರು.

ಸೋಮವಾರ ಮಾಳಮ್ಮ ಹೇಳಿದ್ದಕ್ಕೆ ನಾನೂ ಬೂಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಏಪ್ರನ್ನು, ಗಾಗಲ್ಲು, ಕೈಗವಸು, ಬೂಟು ತೊಟ್ಟ ಮಾಳಮ್ಮ ಗಾಜಿನ ತಟ್ಟೆಗೆ ಕೋಳಿಮೊಟ್ಟೆ ಒಡೆದು, ಬಿಳಿ ಲೋಳೆಯ ಮೇಲೆ ನಾಲ್ಕು ಹನಿ ಆಸಿಡ್ ಬಿಟ್ಟರು. ನೋಡನೋಡುತ್ತ ಅದು ಬೇಯಿಸಿದ ಹಾಗೆ ಗಟ್ಟಿಯಾಯಿತು.

"ನಿಮ್ಮ ಕಣ್ಣೂ ಹಿಂಗ ಆಗ್ತೈತಿ. ಗಾಗಲ್ ಹಾಕ್ಕೋರಿ, ವೇಲು ಗಂಟು ಕಟ್ರಿ. ಕಾಲಾಗ ಬೂಟಿಲ್ಲಂದ್ರ ಒಳಗ ಕಾಲಿಡಬ್ಯಾಡ್ರಿ."

ಎಂಥ ಪಾಠ ಅದು! ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಮಕ್ಕಳು ಅಷ್ಟು ಕಣ್ಣರಳಿಸಿದ್ದು ಕಂಡಿಲ್ಲ.

ಅಷ್ಟರಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಜಂಬುನಾಥರು ಅವಸರದಲ್ಲಿ ಬಂದವರು, ರೂಢಿಯಂತೆ ಬೂಟು ಬಾಗಿಲಲ್ಲೇ ಕಳಚಿ ಒಳಗೆ ಕಾಲಿಟ್ಟರು. ಮಕ್ಕಳೆಲ್ಲ ಮಾಳಮ್ಮನ ಮುಖ ನೋಡಿದರು. ಈಗ ಸುಮ್ಮನಿದ್ದರೆ ಒಂದು ತಾಸಿನ ಪಾಠ ನೀರಿಗೆ ಹೋದಂತೆ.

"ಸರ, ಅಲ್ಲೇ ನಿಲ್ರಿ," ಎಂದರು ಮಾಳಮ್ಮ. "ಬೂಟು ಹಾಕ್ಕೊಂಡು ಬರ್ರಿ."

ಜಂಬುನಾಥರು ತಮ್ಮ ಕಾಲು ನೋಡಿಕೊಂಡರು. ಆಮೇಲೆ ಹೊರಗೆ ಹೋಗಿ, ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮರುದಿನ ಬರಿಗಾಲಲ್ಲಿ ಬಂದವರು ಒಬ್ಬರೂ ಇಲ್ಲ.

ಪಾಠ ಮಾಡಿದ ಆ ಸೋಮವಾರ ಸಂಜೆಯೇ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಾಳಮ್ಮ ನಗುತ್ತಿದ್ದರು. "ಮನಿಗಿ ಹೋಗಿ ಅಪ್ಪಗ ಹೇಳ್ಬೇಕ್ರಿ ಸರ. ಕಾಲಾಗ ಹಾಕ್ಕೊಂಡು ಬರ್ರಿ ಅಂತ ಮೇಷ್ಟ್ರಿಗೇ ಹೇಳೀನಿ ಅಂದ್ರ, ಆತ ನಂಬೂದಿಲ್ಲ ನೋಡ್ರಿ."