ಈ ಕಡಿಂದ ಆನಿ, ಆ ಕಡಿಂದ ಕುದರಿ

ಅವರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದರು. ಅಣ್ಣಿಗೇರಿಯ ನಮ್ಮ ಓಣಿಗೆ ಟ್ರ್ಯಾಕ್ಟರ್ ಇನ್ನೂ ತಿರುಗಿರಲಿಲ್ಲ. ಇಂಜಿನ್ನಿನ ಸದ್ದನ್ನೂ ಮೀರಿಸಿ ಒಬ್ಬ ಹೆಂಗಸಿನ ದನಿ ಬಂತು: "ಬುಟ್ಟಿ ಹಿಡೀರಿ ಅಂದ್ರ ಮೀಸಿ ಹಿಡ್ಕೊಂಡು ಕುಂತೀರಲ್ರಿ!" ಅದಕ್ಕೆ ಒಬ್ಬ ಗಂಡಸು, "ನಿನ್ನ ಬಾಯಿ ಮುಚ್ಚಾಕ ಒಂದು ಕೈ ಬೇಕಲ್ಲ!" ಎಂದ. ಆಮೇಲೆ ಇಬ್ಬರೂ ಗಹಗಹಿಸಿ ನಕ್ಕದ್ದು ಕೇಳಿಸಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಂತೆ. ಇವರೇ ನನ್ನ ಅತ್ತೆ ಮಾವ ಆಗಲಿದ್ದವರು!

ಎಂಬತ್ತರ ದಶಕದ ಒಂದು ಗೌರಿ ಹುಣ್ಣಿಮೆ ಅದು. ದೀಪಾವಳಿ ಕಳೆದ ಮೇಲೆ ಬರುವ ಈ ಹುಣ್ಣಿಮೆಗೆ, ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಹೂವು, ಸಕ್ಕರೆ ಪಾಕ ಎರೆದು ಮಾಡಿದ ಗೊಂಬೆ ತರುತ್ತಾರೆ. ಹುಡುಗಿ ಆ ಬಿಳಿ ಗೊಂಬೆಗಳನ್ನು ತಟ್ಟೆಯಲ್ಲಿ ನಿಲ್ಲಿಸಿ, ದೀಪ ಹಚ್ಚಿ, ಹೊತ್ತು ಮುಳುಗುವಾಗ ಗೆಳತಿಯರ ಜೊತೆ ಹೋಗಿ ಗೌರಿಗೆ ಆರತಿ ಮಾಡಿ ಬರುತ್ತಾಳೆ. ಓಣಿಯ ಕಣ್ಣೆಲ್ಲ ಆಗ ತಟ್ಟೆಯ ಮೇಲೇ. ತಟ್ಟೆ ಹೊಸ್ತಿಲು ದಾಟಿತೆಂದರೆ ಸಂಬಂಧ ಗಟ್ಟಿ. ಗೊಂಬೆ ಬಂದ ಬುಟ್ಟಿಯಲ್ಲೇ ವಾಪಸ್ ಹೋದವೆಂದರೆ ಮಾತು ಮುರಿದಂತೆಯೇ.

ನಮ್ಮ ಮನೆಯ ವಿಷಯ ಹೇಳಬೇಕು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆ ನಡೆಸುತ್ತಿದ್ದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಕೆಟ್ಟವಳಲ್ಲ. ಜ್ವರ ಬಂದಾಗ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಆದರೆ ಸಪ್ಪಳವೆಂದರೆ ಅವಳಿಗೆ ಆಗಿಬರುತ್ತಿರಲಿಲ್ಲ. ತಾಟು ಸದ್ದಾದರೆ ಹುಬ್ಬು ಮೇಲೇರುತ್ತಿತ್ತು. ಅಪ್ಪನಂತೂ ಪಲ್ಯ ಬೇಕಾದರೆ ಬೆರಳು ತೋರಿಸುತ್ತಿದ್ದ. ಸಿಟ್ಟು ಬಂದರೂ ಮೌನ, ಖುಷಿಯಾದರೂ ಮೌನ. ಯಾವುದು ಯಾವುದೆಂದು ಗುರುತು ಹಿಡಿಯುವುದರಲ್ಲೇ ನನ್ನ ಬಾಲ್ಯ ಕಳೆದುಹೋಯಿತು.

ಇಂಥ ಮನೆಯ ಮುಂದೆ ಗಂಡಿನ ಊರು ಮೊರಬದಿಂದ ಬಂದ ಟ್ರ್ಯಾಕ್ಟರ್ ನಿಂತಿತು. ನಾನು ಬಾಗಿಲ ಸಂದಿಗೆ ಕಣ್ಣು ಹಚ್ಚಿದೆ. ಮೊದಲು ಮಾವನ ಹೊಟ್ಟೆ ಒಳಗೆ ಬಂತು, ಆಮೇಲೆ ಮಾವ. ಬಲಗೈಗೆ ಅರಿಷಿಣ ಮೆತ್ತಿದ ಬಟ್ಟೆ ಕಟ್ಟಿತ್ತು. ಹಿಂದೆ ಬುಟ್ಟಿಯನ್ನು ಕೂಸಿನಂತೆ ಅವುಚಿಕೊಂಡ ಅತ್ತೆ. ಅವಳ ಹಿಂದೆ ಹೈಸ್ಕೂಲಿಗೆ ಹೋಗುವ ನಾದಿನಿ, ಎಲ್ಲರ ಮಾತನ್ನೂ ತಿದ್ದುತ್ತ. ಪುಟ್ಟ ಮೈದುನನ ಒಂದು ಕೆನ್ನೆ ಉಬ್ಬಿತ್ತು. ದಾರಿಯುದ್ದಕ್ಕೂ ಯಾವುದೋ ಗೊಂಬೆಯ ಬಾಲ ಅಲ್ಲಿ ಕರಗುತ್ತ ಬಂದಿತ್ತು. ಕಡೆಗೆ, ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ ನನ್ನವನು, ತಲೆಯಿಂದ ಕಾಲಿನವರೆಗೆ ಎರೆಮಣ್ಣಿನ ಧೂಳು. ಹಿರಿಯರೊಬ್ಬರ ಜೊತೆ ಹೆಣ್ಣು ನೋಡಲು ಬಂದಾಗ ಒಂದು ಮಾತೂ ಆಡದಿದ್ದವನು ಈಗ ಅಡುಗೆಮನೆಯ ಕಡೆ ನೋಡಿ ಹಲ್ಲು ಕಿರಿದ. ಈಗಿನ ಮಕ್ಕಳು ಟೀವಿಯಲ್ಲಿ ಕಾರ್ಟೂನ್ ಸಂಸಾರಗಳನ್ನು ನೋಡುತ್ತವಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಜಗಳಾಡಿ ಕೊನೆಗೆ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂರುವವರನ್ನು? ಅಂಥದೊಂದು ಸಂಸಾರ ನಮ್ಮ ಪಡಸಾಲೆಯಲ್ಲಿ ಅಂದೇ ಬಂದು ಕೂತಿತ್ತು.

"ಬಜಾರದ ಗೊಂಬಿ ಯಾರರ ತರ್ತಾರ್ರಿ. ಇವು ನಮ್ಮ ಕೈಲೆ ಎರದವು," ಎಂದು ಮಾವ ಕಟ್ಟಿದ ಕೈ ಎತ್ತಿ ತೋರಿಸಿದ. ಪಾಕ ಸಿಡಿದು ಸುಟ್ಟ ಗಾಯವನ್ನು ಪದಕದಂತೆ ತೋರಿಸಿದವರನ್ನು ನಾನು ಅದೇ ಮೊದಲು ನೋಡಿದ್ದು. ಅತ್ತೆ ಬಹಳ ಎಚ್ಚರದಿಂದ ಆನೆ, ನವಿಲು, ಗಿಳಿಗಳನ್ನು ತಟ್ಟೆಯಲ್ಲಿ ನಿಲ್ಲಿಸಿದಳು, ಎಲ್ಲದರ ಒಂದೇ ಮಗ್ಗುಲು ದೊಡ್ಡವ್ವನ ಕಡೆಗೆ. ಅಪ್ಪಟ ಬಿಳುಪು, ಒಳ್ಳೇ ಹೊಳಪು! ದೊಡ್ಡವ್ವ ತಲೆಯಾಡಿಸಿದಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ಮೈದುನನಿಗೆ ತಡೆಯಲಾಗಲಿಲ್ಲ. ಕೈ ಚಾಚಿ ಆನೆಯನ್ನು ಗರಕ್ಕನೆ ತಿರುಗಿಸಿದ. "ಆ ಕಡಿಂದ ನೋಡ್ರಿ! ಕುದರಿ ಆಗತೈತಿ!"

ಆನೆಯ ಆಚೆ ಮಗ್ಗುಲಲ್ಲಿ ನಿಜವಾಗಿಯೂ ಕುದುರೆ ಇತ್ತು. ನವಿಲಿನ ಬೆನ್ನಿಗೆ ಒಂಟೆ. ಗಿಳಿಯ ಹಿಂದೆ ತುಳಸಿಕಟ್ಟೆ. ಸಕ್ಕರೆ ಗೊಂಬೆಯ ಅಚ್ಚು ಎರಡು ಹೋಳಿನದು. ಎಡದ್ದು ಬಲದ್ದು ಜೋಡಿಸಿ, ಹುರಿಯಿಂದ ಬಿಗಿದು, ಒಳಗೆ ಪಾಕ ಎರೆಯಬೇಕು. ಈ ಮಹಾನುಭಾವರು ಜಗಳಾಡುತ್ತ ಜಗಳಾಡುತ್ತ ಒಂದರ ಹೋಳಿಗೆ ಇನ್ನೊಂದರ ಹೋಳು ಕಟ್ಟಿಬಿಟ್ಟಿದ್ದರು.

"ನೋಡಿ ಕಟ್ಟ್ರಿ ಅಂತ ಬಡಕೊಂಡೆ," ಎಂದಳು ಅತ್ತೆ.

"ನೋಡೂದ್ಹೆಂಗ? ಒಲಿ ಹೊಗಿ ಎಬ್ಬಿಸಿ ನನ್ನ ಕುರುಡ ಮಾಡಿಟ್ಟಿದ್ದಿ," ಎಂದ ಮಾವ.

"ಅಚ್ಚಿಗೆ ನಂಬರ್ ಹಾಕೂಣು ಅಂದೆ. ಸಾಲಿ ಕಲತವರ ಮಾತು ಈ ಮನ್ಯಾಗ ಯಾರು ಕೇಳ್ತಾರ?" ಎಂದಳು ನಾದಿನಿ.

"ಹುರಿ ಕಟ್ಟಿದಾಕಿ ಅಕಿನ!" ಎಂದ ಮೈದುನ, ಕೆನ್ನೆಯ ಬಾಲವನ್ನು ಆಚೆ ಕೆನ್ನೆಗೆ ದಾಟಿಸಿ.

ನಾನು ಹುಟ್ಟಿದಾಗಿನಿಂದ ನಮ್ಮ ಪಡಸಾಲೆ ಅಷ್ಟು ಗದ್ದಲ ಕೇಳಿರಲಿಲ್ಲ. ಗೋಡೆಯ ಹಲ್ಲಿ ಕೂಡ ಜಾಗ ಬಿಟ್ಟು ಓಡಿತು. ಆ ಗದ್ದಲದ ನಡುವೆಯೇ ಅತ್ತೆ ಗಂಡನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸಡಿಲಾಗಿದ್ದ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿದಳು. ಬಾಯಿ ಬೈಯುತ್ತಲೇ ಇತ್ತು, ಬೆರಳು ಮಾತ್ರ ಮೆತ್ತಗೆ ಓಡಾಡುತ್ತಿತ್ತು. ಮಾವ ನೋವಿಗೆ ಹಲ್ಲು ಕಚ್ಚಿದಾಗ ಅವಳು ಬೈಗುಳ ನಿಲ್ಲಿಸಿ ಊದಿದಳು, ಊದಿ ಮತ್ತೆ ಬೈದಳು.

ದೊಡ್ಡವ್ವ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಮದಿವಿ ಹುಡಿಗಿಗೆ ತರೂ ಗೊಂಬಿ ಇವು. ಇಷ್ಟೂ ಎಚ್ಚರಿಲ್ಲದವರು ಯಾರ್ರಿ ನಿಮ್ಮ ಮನ್ಯಾಗ?" ಎಂದಳು.

ಈಗ ಎಲ್ಲರೂ ಒಬ್ಬರ ಕಡೆ ಇನ್ನೊಬ್ಬರು ಬೆರಳು ಮಾಡುತ್ತಾರೆ ಎಂದುಕೊಂಡೆ. ಅಷ್ಟು ಹೊತ್ತು ಮಾಡಿದ್ದೇ ಅದನ್ನಲ್ಲವೇ?

"ನಾನ್ರಿ," ಎಂದಳು ಅತ್ತೆ.

"ಅಕಿ ಅಲ್ರಿ, ನಾನು. ಅಚ್ಚು ಜೋಡಿಸಿದ್ದು ಈ ಕೈನ," ಎಂದ ಮಾವ.

"ಹುರಿ ಬಿಗದಾಕಿ ನಾನ್ರಿ," ಎಂದಳು ನಾದಿನಿ, ಮೊದಲ ಸಲ ಯಾರನ್ನೂ ತಿದ್ದದೆ.

"ಹೋಳು ಕಲಸಿದಾಂವ ನಾನು!" ಎಂದು ಮೈದುನ ಕೂಗಿದ ರಭಸಕ್ಕೆ ಬಾಲ ಬಾಯಿಂದ ಹಾರಿ ನೆಲಕ್ಕೆ ಬಿತ್ತು.

ನನ್ನವನು ಎದ್ದು ನಿಂತ. "ಪಾಕ ಎರದಾಂವ ನಾನ್ರಿ. ಎಲ್ಲಾರಿಗಿಂತ ಹೆಚ್ಚು ನಾನ ನೋಡಬೇಕಿತ್ತು. ನನಗ ಅವಸರ ಆಗಿತ್ತು." ಯಾತರ ಅವಸರವೆಂದು ಹೇಳಲಿಲ್ಲ, ಕಿವಿ ಕೆಂಪಾದವು. ಬಾಗಿಲ ಹಿಂದೆ ನನ್ನ ಕಿವಿಯೂ!

ಆಮೇಲೆ ಏನಾಯಿತು ಗೊತ್ತೇ? ತಪ್ಪು ತನ್ನದೇ ಎಂದು ಐದೂ ಮಂದಿ ಹೊಸದಾಗಿ ಜಗಳಕ್ಕೆ ಬಿದ್ದರು. ಮನೆಯೊಳಗೆ ತಪ್ಪನ್ನು ಚೆಂಡಿನಂತೆ ಒಬ್ಬರಿಗೊಬ್ಬರು ಎಸೆಯುತ್ತಿದ್ದವರು, ಹೊರಗಿನವರು ಕೇಳಿದ ಕೂಡಲೇ ಅದನ್ನು ಕಿತ್ತಾಡಿ ತಮ್ಮ ಉಡಿಗೆ ಹಾಕಿಕೊಳ್ಳುತ್ತಿದ್ದರು. ನನಗೆ ಈ ಮನೆ ಬೇಕು ಎನ್ನಿಸಿತು. ಹುಡುಗನೊಬ್ಬನೇ ಅಲ್ಲ, ಇಡೀ ಮನೆ, ಗದ್ದಲದ ಸಮೇತ. ಹಾಗೆ ಎನ್ನಿಸಿದ ಕ್ಷಣವೇ ಹೆದರಿಕೆಯೂ ಶುರುವಾಯಿತು.

ಹೆದರಿಕೆ ಸುಳ್ಳಾಗಲಿಲ್ಲ. ದೊಡ್ಡವ್ವ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದಳು, ಹಿಂದೆಯೇ ಖಾಲಿ ಬುಟ್ಟಿ ಹಿಡಿದು ಅಪ್ಪ. "ನೋಡಿದೆಲ್ಲ ಮಗಳ. ಈ ಗದ್ದಲದಾಗ ನೀ ಹೆಂಗ ಬಾಳೇ ಮಾಡ್ತಿ? ಗೊಂಬಿ ಬುಟ್ಟ್ಯಾಗ ಇಡು. ಮುಂದಿನ ಮಾತು ನಾ ಆಡ್ತೀನಿ," ಎಂದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ನನ್ನ ಚಿಂತೆಯೇ ಇತ್ತು. ಅಪ್ಪ ನೆಲ ನೋಡುತ್ತ ಬುಟ್ಟಿ ಕೆಳಗಿಟ್ಟ. ದೊಡ್ಡವ್ವ ನೀರು ತರಲು ಹಿತ್ತಲಿಗೆ ಹೋದಳು.

ನಾನು ಆನೆಯನ್ನು ಕೈಗೆತ್ತಿಕೊಂಡೆ. ಬುಟ್ಟಿಯಲ್ಲಿ ಇಡಬೇಕಿತ್ತು. ಕಿಟಕಿಯ ಇಳಿಬಿಸಿಲಿಗೆ ಹಿಡಿದು ಒಮ್ಮೆ ತಿರುಗಿಸಿದೆ. ಆನೆ ಹೋಗಿ ಕುದುರೆ ಬಂತು. ಬೇಗ ತಿರುಗಿಸಿದೆ. ಆನೆ, ಕುದುರೆ, ಆನೆ, ಕುದುರೆ! ಕೈಯಲ್ಲಿ ಜೀವ ಬಂದು ಓಡಾಡಿದಂತಾಯಿತು. ನನಗೆ ನಗು ಬಂದುಬಿಟ್ಟಿತು, ಗಟ್ಟಿಯಾಗಿ. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ.

ಹೊರಗೆ ಓಣಿಯ ಹುಡುಗಿಯರು ಆರತಿ ಹಿಡಿದು ಹಾಡುತ್ತ ಬರುತ್ತಿದ್ದರು. ನಾನು ಆನೆಯನ್ನು ತಟ್ಟೆಯಲ್ಲೇ ನಿಲ್ಲಿಸಿದೆ. ಬತ್ತಿಗೆ ಎಣ್ಣೆ ಹಾಕಿದೆ. ಕಿಟಕಿಯ ಗಾಳಿಗೆ ಎರಡು ಕಡ್ಡಿ ಆರಿಹೋದವು. ಮೂರನೆಯದನ್ನು ಗೀರಿದ್ದು ಅಪ್ಪ. ಒಂದು ಮಾತೂ ಆಡದೆ ದೀಪ ಹಚ್ಚಿದ. ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು, ಪಡಸಾಲೆಯಲ್ಲಿ ಬಾಯಿ ತೆರೆದು ಕೂತ ಬೀಗರ ನಡುವೆ ಹಾದು, ಹೊಸ್ತಿಲವರೆಗೆ ನನ್ನ ಜೊತೆ ನಡೆದ. ಆ ಮೌನ ಖುಷಿಯದೋ ಸಿಟ್ಟಿನದೋ ಎಂದು ಅವತ್ತು ನಾನು ಊಹಿಸಬೇಕಾಗಲಿಲ್ಲ.

ಓಣಿಯಲ್ಲಿ ಹತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ ದೊಡ್ಡವ್ವನ ಕೂಗು ಬಂತು. ಹೌದು, ಕೂಗು! "ಏ ಹುಡಿಗಿ! ಎಲ್ಲಿ ಹೊಂಟಿ? ನಿಂದರು!" ಜನ್ಮದಲ್ಲಿ ದನಿ ಏರಿಸದವಳು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. ಹುಡುಗಿಯರ ಹಾಡು ನಿಂತಿತು.

ನಾನು ತಿರುಗಿದೆ. ತಟ್ಟೆ ಗಟ್ಟಿಯಾಗಿ ಹಿಡಿದು, ಉಸಿರು ತುಂಬಿಕೊಂಡು, ಅಷ್ಟೇ ಜೋರಾಗಿ ಕೂಗಿದೆ: "ಗೌರಿಗೆ ಹೊಂಟೇನಿ ದೊಡ್ಡವ್ವಾ! ಆರತಿ ಮಾಡೇ ಬರ್ತೀನಿ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಎರಡು ಮನೆಯಾಚೆ ಕಟ್ಟಿದ ಎಮ್ಮೆ ಎದ್ದು ನಿಂತಿತು. ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಆದರೆ ಮತ್ತೆ ಕರೆಯಲಿಲ್ಲ.

ಆ ನಿಶ್ಶಬ್ದದಲ್ಲಿ ಹೊಸ್ತಿಲ ಮೇಲೆ ನಿಂತಿದ್ದ ಅತ್ತೆ, ಮಾವನ ಪಕ್ಕೆ ತಿವಿದು, ಗುಟ್ಟೆಂದುಕೊಂಡೇ ಇಡೀ ಓಣಿಗೆ ಸಾರಿದಳು: "ಕೇಳಿದ್ರಿಲ್ಲೋ? ನಮ್ಮ ಮನೀಗೆ ಸಾಲತೈತಿ ಈ ದನಿ!"