ಮೊದಲು ತಮ್ಮ ತೋಳಿಗೆ

ಅರವತ್ತರ ದಶಕದಲ್ಲಿ ನಾನು ಪ್ರತಿ ಬುಧವಾರ ಹೊಸನಗರದಿಂದ ಸಾಗರಕ್ಕೆ, ಡಾಕ್ಟರೊಬ್ಬರ ಕಂಪೌಂಡರಲ್ಲಿಗೆ ಹೋಗುತ್ತಿದ್ದೆ. ಧೂಳು, ಬೂಷ್ಟು, ಹೂವಿನ ಪರಾಗ ಎಲ್ಲಕ್ಕೂ ನನಗೆ ಉಬ್ಬಸ. ಅವುಗಳ ಸಾರವನ್ನೇ ತುಸುತುಸು ಚುಚ್ಚಿ ಮೈಗೆ ಒಗ್ಗಿಸುವ ಚಿಕಿತ್ಸೆ ಅದು. ಕಂಪೌಂಡರಿಗೂ ಅದೇ ಕಾಯಿಲೆ, ಅದೇ ಮದ್ದು.

ಹೊಸ ಸೀಸೆ ಹಳೆಯದಕ್ಕಿಂತ ಕಡುವಾಗಿರಬಹುದೆಂದು ಮೊದಲು ತಮ್ಮ ತೋಳಿಗೇ ಚುಚ್ಚಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದರೆ, "ಅಡಿಗೆಯೋನು ಉಪ್ಪು ನೋಡ್ದೆ ಬಡಿಸ್ತಾನಾ ಮೇಷ್ಟ್ರೇ?" ಎನ್ನುವರು. ಆಮೇಲೆ ಅವರಿಗೇನೂ ಆಗಲಿಲ್ಲವೆಂದು ಖಾತ್ರಿಯಾಗಲು ಅರ್ಧ ಗಂಟೆ ಕಾಯಬೇಕು. ಬಸ್ಸು ತಪ್ಪುತ್ತದೆಂದರೆ, "ಹೋಗ್ಲಿ ಬಿಡಿ, ಬಸ್ಸಿಗೇನು ಉಬ್ಬಸವಾ? ನಾಳೆನೂ ಬರುತ್ತೆ."

ಆ ಬುಧವಾರ ಡಾಕ್ಟರು ಕೆಳದಿಗೆ ಹೋಗಿದ್ದರು. ಹೊಸ ಸೀಸೆಯ ಮದ್ದು ಚುಚ್ಚಿಕೊಂಡ ಐದು ನಿಮಿಷಕ್ಕೆ ಕಂಪೌಂಡರು ಅಂಗೈ ಕೆರೆದುಕೊಂಡರು. ತುಟಿ ಊದಿತು. "ಇದು ನಿಮ್ಗೆ ಬೇಡ" ಎಂದು ಸೀಸೆಯನ್ನು ದೂರ ತಳ್ಳಿ, ಬೀರುವಿನತ್ತ ಬೆರಳು ತೋರಿಸಿದರು. ಉಸಿರು ಉಳಿಸುವ ಮದ್ದು, ಸಿರಿಂಜು ಅಲ್ಲಿದ್ದವು. ತೆಗೆದುಕೊಟ್ಟೆ. ಸಿರಿಂಜಿಗೆ ಮದ್ದು ತುಂಬಲು ಹೋದರು, ಆಗಲಿಲ್ಲ. "ನೀವೇ ತುಂಬಿ ಚುಚ್ಚಿ," ಎಂದರು.

ನನ್ನಿಂದಾಗಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಎರಡು ವರ್ಷ ಅವರಿಂದ ಚುಚ್ಚಿಸಿಕೊಂಡಿದ್ದೆ. ಪ್ರತಿ ಸಲವೂ ಹೆದರಿ ಮುಖ ತಿರುಗಿಸಿಕೊಂಡಿದ್ದೆ. ಸಿರಿಂಜಿಗೆ ಮದ್ದು ಹೇಗೆ ತುಂಬುತ್ತಾರೆಂದು ಒಮ್ಮೆಯೂ ನೋಡಿರಲಿಲ್ಲ.