ಮೊಣ್ಣಪ್ಪನವರ ನಷ್ಟದ ಬಸ್ಸು

ಮೂರ್ನಾಡಿನ ಹೋಟೆಲಿನಲ್ಲಿ ಕೂತು ಕಾಫಿ ಬೆಳೆಗಾರ ಮೊಣ್ಣಪ್ಪನವರು ಜೀಪಿನ ಕೀಯನ್ನು ಬೆರಳಲ್ಲಿ ಗಿರ್ರನೆ ತಿರುಗಿಸಿದರೆಂದರೆ ಸರ್ಕಾರಿ ಬಸ್ಸಿಗೆ ಗ್ರಹಚಾರ ಬಂತೆಂದೇ ಲೆಕ್ಕ. "ಖಾಲಿ ಬಸ್ ಓಡ್ಸಿ ನಮ್ಮ ತೆರಿಗೆಗೆ ಬೆಂಕಿ ಹಾಕ್ತಾರೆ, ಮೊದ್ಲು ನಿಲ್ಸಿ ಅದನ್ನ!" ಎಂದು ಗುಡುಗುವರು. ಬಸ್ಸಿನ ನಷ್ಟದ ಸುದ್ದಿಯನ್ನು ಅವರು ಓದುವುದು ಆ ಬಸ್ಸೇ ತರುವ ಪೇಪರಿನಲ್ಲಿ. ಅದು ಕೊಂಚ ತಡವಾದರೂ ಡಿಪೋಗೆ ಫೋನು ಮಾಡಿ ಬಯ್ಯುವರು. ತಮ್ಮ ಈ ನ್ಯಾಯಕ್ಕೆ ತಾವೇ ಮೀಸೆಯಡಿ ನಕ್ಕು, ಇನ್ನೊಂದು ಕಾಫಿ ಹೇಳುವರು. ಕಳೆದ ವಾರ ಕಣ್ಣಿನ ಡಾಕ್ಟರು, "ಇನ್ನು ಡ್ರೈವಿಂಗ್ ಬೇಡ" ಎಂದರು. ಮಾರನೆಯ ಬೆಳಿಗ್ಗೆ ಮೊಣ್ಣಪ್ಪನವರು ಆ ಬಸ್ಸಿಗೇ ಕೈ ಅಡ್ಡ ಹಿಡಿದರು. ಬೆರಳಲ್ಲಿ ಅದೇ ಕೀ. "ಅಣ್ಣ, ನೀವಾ?" ಎಂದು ಕಂಡಕ್ಟರ್ ಬೆರಗಾದ. ಕೀಯನ್ನು ಮೆಲ್ಲಗೆ ಜೇಬಿಗಿಳಿಸಿ ಅವರೆಂದರು: "ನಷ್ಟ ಎಷ್ಟಾಗ್ತದೆ ನೋಡ್ಬೇಕಲ್ಲ ಮಾರಾಯ. ಇನ್ಮೇಲೆ ದಿನಾ ಬರ್ತೇನೆ."